ಬೂದು ಮರಿಗಳ ಲೆಕ್ಕ

ಐದನೇ ತಿಂಗಳಲ್ಲಿ ಮಗು ಹೋಗಿ ಮೂರು ವಾರವಾಗಿತ್ತು. ಮೈಸೂರಿನಲ್ಲಿದ್ದ ಅಮ್ಮನಿಗೆ ಇನ್ನೂ ಹೇಳಿರಲಿಲ್ಲ. ಆಕೆ ಸೀಮಂತಕ್ಕೆಂದು ಹಸಿರು ಬಳೆ, ಸೀರೆ ತೆಗೆದಿಟ್ಟು ವೀಸಾಕ್ಕೆ ಕಾಯುತ್ತಿದ್ದಳು. ವಿಡಿಯೋ ಕಾಲ್‌ನಲ್ಲಿ "ಹೇಗಿದ್ದೀಯೆ?" ಎಂದಾಗಲೆಲ್ಲ "ಚೆನ್ನಾಗಿದ್ದೀನಮ್ಮ" ಎನ್ನುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆಂಬ ಸಂಕಟವೂ ಆಗುತ್ತಿರಲಿಲ್ಲ. ಒಳಗೆಲ್ಲ ಜೋಮು ಹಿಡಿದಿತ್ತು.

"ಮನೇಲೇ ಕೂತ್ರೆ ಇನ್ನೂ ಡಲ್ ಆಗ್ತೀಯ, ಎಲ್ಲಾದ್ರೂ ಡ್ರೈವ್ ಹೋಗೋಣ" ಎಂದು ಗಂಡ ಒಂದು ಶನಿವಾರ ಬೆಳಿಗ್ಗೆ ಅಮೆರಿಕದಲ್ಲಿ ನಾವಿದ್ದ ಆಶ್‌ಬರ್ನ್‌ನಿಂದ ಪೊಟೋಮ್ಯಾಕ್ ನದಿಯ ಜೌಗಿಗೆ ಕರೆದೊಯ್ದ. ಚಳಿಗಾಲದಲ್ಲಿ ಅಲ್ಲಿಗೆ ಕಾಡು ಹಂಸಗಳು ಬರುತ್ತವೆಂದು ಎಲ್ಲೋ ಓದಿದ್ದನಂತೆ. ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ, ನನ್ನೆದುರು ಮಾತ್ರ ಬೆಕ್ಕಿನ ಹೆಜ್ಜೆ ಇಡುತ್ತಿದ್ದ.

ದಡದಲ್ಲಿ ಒಬ್ಬ ಅಮೆರಿಕನ್ ಅಜ್ಜಿ ದೂರದರ್ಶಕ ನಿಲ್ಲಿಸಿಕೊಂಡು ಹಕ್ಕಿ ಎಣಿಸುತ್ತಿದ್ದರು. "ನೋಡ್ತೀಯಾ?" ಎಂದು ಜಾಗ ಬಿಟ್ಟರು. ನೋಡಿದೆ. "ಇವು ಹಂಸ ಅಲ್ಲ, ಬಾತು" ಎಂದುಬಿಟ್ಟೆ. ನಮ್ಮ ಕ್ಯಾಲೆಂಡರಿನ ಸರಸ್ವತಿಯ ಕಾಲ ಬಳಿ ಇರುವ ಹಂಸದ ಕತ್ತು ಬಾಗಿರುತ್ತದೆ. ಇವುಗಳದ್ದು ಒನಕೆ ನಿಲ್ಲಿಸಿದ ಹಾಗಿತ್ತು.

ಅಜ್ಜಿ ನಕ್ಕರು. ಕತ್ತು ಬಾಗಿಸುವುದು ಪಾರ್ಕಿನ ಕೊಳದ ಜಾತಿ, ಉತ್ತರದ ಹಿಮದ ನಾಡಿನಿಂದ ಬರುವ ಈ ಜಾತಿ ಕತ್ತನ್ನು ನೆಟ್ಟಗೇ ಹಿಡಿಯುತ್ತದೆ, ಕೊಕ್ಕು ಕಪ್ಪು ಎಂದರು. "ಬೂದು ಬಣ್ಣದವು ಈ ವರ್ಷದ ಮರಿಗಳು. ಅಪ್ಪ ಅಮ್ಮನ ಜೊತೇಲೇ ಇರ್ತವೆ. ನನ್ನ ಕಣ್ಣು ಮಂಜು. ನೀನು ನೋಡಿ ಹೇಳು, ನಾನು ಬರ್ಕೋತೀನಿ."

ಗಂಡ ನನ್ನ ತೋಳು ಹಿಡಿದ. "ಬೇಡ ಬಿಡು, ಹೋಗೋಣ."

ನಾನು ಕೇಳಲಿಲ್ಲ. ದೊಡ್ಡವು ಎರಡು, ಮರಿ ಮೂರು. ದೊಡ್ಡವು ಎರಡು, ಮರಿ ಒಂದು. ತರಕಾರಿ ಪಟ್ಟಿ ಓದುವ ಹಾಗೆ ಓದುತ್ತಾ ಹೋದೆ. ಆಮೇಲೆ ಜೊಂಡಿನ ಅಂಚಿನಲ್ಲಿ ಒಂದು ಜೋಡಿ ಸಿಕ್ಕಿತು. ಅದರ ಸುತ್ತಮುತ್ತ, ಹಿಂದೆ, ಜೊಂಡಿನ ಒಳಗೆ ಎಲ್ಲ ಹುಡುಕಿದೆ.

"ಮರಿ ಎಷ್ಟು?" ಅಜ್ಜಿ ಕೇಳಿದರು.

"ಇಲ್ಲ. ಮರಿ ಇಲ್ಲ."

ಅವರು ಬರೆದುಕೊಂಡು ಮುಂದಿನದಕ್ಕೆ ಕಾದರು. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಆಕಾಶವೇನೂ ಕಳಚಿ ಬೀಳಲಿಲ್ಲ.

ಕಾರಿಗೆ ಬಂದು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ರಾತ್ರಿ ಊಟದ ಹೊತ್ತು.

"ಅಮ್ಮ, ಮಗು ಹೋಯ್ತಮ್ಮ."

ಆಕೆ ಕೈಲಿದ್ದ ತಟ್ಟೆ ಕೆಳಗಿಟ್ಟಳು.

"ಗೊತ್ತು ಕಣೆ. ಮೊದ್ಲು ಫೋನ್ ಕೆಳಗಿಳಿಸಿ ಹೊಟ್ಟೆ ತೋರಿಸ್ತಿದ್ದೆ. ಮೂರು ವಾರದಿಂದ ಬರೀ ಮುಖ ತೋರಿಸ್ತಿದ್ದೀಯ. ನೀನಾಗೇ ಹೇಳ್ಲಿ ಅಂತ ದಿನಾ ಕಾಯ್ತಿದ್ದೆ."