ಗ್ಲೌಸ್ ಹಾಕಿ ಆರಿಸಿದ ಫೋನ್

ನಮ್ಮ ಆಸ್ಪತ್ರೆಯ ಐಸಿಯುಗೆ ಹೊಸ ಫೋನ್ ಬೇಕಿತ್ತು. ಹಳೆಯದರಲ್ಲಿ ಡಾಕ್ಟರನ್ನು ಕರೆಯಲು ನರ್ಸ್ ರೋಗಿಯನ್ನು ಬಿಟ್ಟು ಮೊದಲು ಗ್ಲೌಸ್ ಕಳಚಬೇಕಿತ್ತು. ಮೇಟ್ರನ್ ಆದ ನಾನೇ ಸಾಂತಾಕ್ರೂಜ್‌ನ ಮೊಬೈಲ್ ಅಂಗಡಿಗೆ ಹೋದೆ.

ವಿಜಯಪುರ ಕಡೆಯಿಂದ ಬಂದ ಅಂಗಡಿಯವರು ಎರಡು ಫೋನ್ ಮುಂದಿಟ್ಟರು. "ಇದರ ಬ್ಯಾಟರಿ ಛಲೋ ಐತ್ರಿ, ಆದ್ರ ನೋಡಾಕ ಇಟ್ಟಂಗಿ. ಅದರ ಕ್ಯಾಮೆರಾ ಭಾರಿ ಐತಿ, ಅದನ್ನ ತಗೋರಿ ಆಂಟಿ."

"ಮೇಡಂ ಅನ್ನಿ," ಎಂದೆ. ಕಾನ್ವೆಂಟಿನಲ್ಲಿ ಕಲಿತ ನನಗೆ ಪರೀಕ್ಷೆಯಿಲ್ಲದೆ ಯಾರನ್ನೂ ಪಾಸು ಮಾಡುವ ಅಭ್ಯಾಸವಿಲ್ಲ. ಎರಡಕ್ಕೂ ನನ್ನ ಸಿಮ್ ಹಾಕಿ ನೋಡಬೇಕೆಂದು ಹೇಳಿ, ಪರ್ಸಿನಿಂದ ಗ್ಲೌಸ್ ತೆಗೆದು ಹಾಕಿಕೊಂಡೆ.

"ಆಪರೇಷನ್ ಮಾಡ್ತೀರೇನ್ರಿ?" ಎಂದರು. ಗಿರಾಕಿಗಳೆಲ್ಲ ನಕ್ಕರು.

ಕ್ಯಾಮೆರಾದ ಫೋನ್ ಗ್ಲೌಸ್ ಹಾಕಿದ ನನ್ನ ಬೆರಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಇಟ್ಟಿಗೆಯಂಥ ಆ ಇಟ್ಟಂಗಿ ಫೋನಿನಲ್ಲಿ ಅಂಗಡಿಯ ಬೋರ್ಡಿನ ನಂಬರ್ ಒತ್ತಿದೆ. ಅಂಗಡಿಯವರ ಜೇಬು ರಿಂಗಾಯಿತು. ನಗು ನಿಂತಿತು.

"ಎತ್ತಿಕೊಳ್ಳಿ, ಐಸಿಯುವಿನಿಂದ ಕರೆ," ಎಂದೆ.

"ಸೋತೆ ಮೇಡಂ! ಗ್ಲೌಸ್ ತೆಗೀಬ್ಯಾಡ್ರಿ, ಒಂದ್ ಫೋಟೊ," ಎಂದು ಆ ಕ್ಯಾಮೆರಾ ಫೋನಿನಲ್ಲೇ ನನ್ನ ಚಿತ್ರ ತೆಗೆದು ತೋರಿಸಿದರು.

ಬಹಳ ಚೆನ್ನಾಗಿ ಬಂದಿತ್ತು. ಅದನ್ನು ಮಾತ್ರ ಅವರಿಗೆ ಹೇಳಲಿಲ್ಲ.