ಕೆಮ್ಮಣ್ಣು ಸಿಕ್ಕುವ ತನಕ

ಪೀಣ್ಯದಲ್ಲಿ ಕಾರ್ಖಾನೆ ಶೆಡ್ಡುಗಳು ಒಂದೊಂದಾಗಿ ಏಳುತ್ತಿದ್ದ ಕಾಲಕ್ಕೆ ಪಾಯದ ಮೇಸ್ತ್ರಿ ಎಂದರೆ ಲಗ್ಗೆರೆಯ ಚಿಕ್ಕಮುನಿಯಪ್ಪ. ಎಂಥ ಸಾಹುಕಾರ ಕರೆದರೂ ಮೊದಲು ಜಾಗದ ನಡುವೆ ಮೊಣಕಾಲುದ್ದ ಗುಂಡಿ ತೋಡಿಸಿ, ತೆಗೆದ ಮಣ್ಣನ್ನೇ ಮತ್ತೆ ಅದಕ್ಕೆ ತುಂಬಿಸಿ ತುಳಿಸುತ್ತಿದ್ದ. ಮಣ್ಣು ಮಿಕ್ಕರೆ ಗಟ್ಟಿ ನೆಲ. ಸಾಲದೆ ಗುಂಡಿ ತಗ್ಗಾಗಿಯೇ ಉಳಿದರೆ ಪೊಳ್ಳು ನೆಲ. ಅದನ್ನು ನೋಡಿದ ಮೇಲೆಯೇ ಪಾಯದ ಸೈಜುಗಲ್ಲಿಗೆ ಹೇಳಿ ಕಳಿಸುವುದು. ಆಗೆಲ್ಲ ಸುತ್ತ ರಾಗಿ ಹೊಲ. ಮಧ್ಯಾಹ್ನ ಹುಣಸೆ ಮರದ ನೆರಳಲ್ಲಿ ಬುತ್ತಿ ಬಿಚ್ಚಿದರೆ ಕಲ್ಲು ಒಡೆಯುವವರ ಹಾಡು ದೂರದಿಂದ ತೇಲಿ ಬರುತ್ತಿತ್ತು.

ಈಗ ಹೊಲವೆಲ್ಲ ಸೈಟುಗಳಾಗಿ ರಸ್ತೆ ಬದಿಯ ಒಂದು ತುಂಡು ಮಾತ್ರ ಚಿಕ್ಕಮುನಿಯಪ್ಪನ ಮನೆಯವರ ಪಾಲಿಗೆ ಉಳಿದಿದೆ. ಮಗಳು ಶಾಂತಿ ಅಲ್ಲಿ ಕೆಳಗೆ ಅಂಗಡಿಗಳು, ಮೇಲೆ ತನ್ನ ಹೊಲಿಗೆ ಘಟಕ ಕಟ್ಟಿಸಲು ಹೊರಟಾಗ ಮುದುಕನಿಗೆ ಒಂದೇ ಆಸೆ. ಕಂಡವರ ನೆಲಕ್ಕೆಲ್ಲ ಕಲ್ಲು ಕೂರಿಸಿದ ಕೈ, ಸ್ವಂತ ನೆಲದಲ್ಲಿ ಒಂದು ಪಾಯ ಹಾಕಬೇಕು.

ಎಂಜಿನಿಯರ್ ಮೇಘಾ ದಾವಣಗೆರೆ ಕಡೆಯ ಹುಡುಗಿ. "ಅಜ್ಜಾರೇ, ಮೂರು ಕಡೆ ಅಗೆದು ಮಣ್ಣು ನೋಡಿ ಆಮೇಲೆ ಪಾಯದ ಮಾತಾಡೋಣ" ಎಂದಳು.

"ನೋಡೋದೇನವ್ವ? ಈ ಮಣ್ಣಲ್ಲೇ ಬಿದ್ದು ಎದ್ದೋನು ನಾನು. ಎಲ್ಲಿ ಅಗೆದ್ರೂ ಕೆಮ್ಮಣ್ಣು. ಸುಮ್ನೆ ಡೀಸೆಲ್ ಸುಡ್ತೀಯ."

"ಬೇರೆಯೋರ ಜಾಗದಲ್ಲಿ ಗುಂಡಿ ತೋಡದೆ ಕಲ್ಲು ಮುಟ್ತಿರ್ಲಿಲ್ವಂತೆ?"

"ಅದು ಬೇರೆಯೋರದು. ಎತ್ತ ತಾಯಿನ ಯಾರಾದ್ರೂ ನೀನ್ಯಾರು ಅಂತ ಕೇಳ್ತಾರಾ?"

ಆದರೂ ಶಾಂತಿ ಜೆಸಿಬಿ ಕರೆಸಿದಳು. ಮೇಲ್ಬದಿಯ ಎರಡು ಗುಂಡಿಗಳಲ್ಲಿ ಕೆಮ್ಮಣ್ಣು ಕಲ್ಲಿನಂತೆ ಗಟ್ಟಿ. ಮುದುಕ ಮೀಸೆ ಸವರಿಕೊಂಡ. ತಗ್ಗಿನ ಬದಿಯ ಮೂರನೆಯದರಲ್ಲಿ ಒಂದು ಮೊಳ ಕೆಂಪು ಸರಿದದ್ದೇ ಕಪ್ಪು ಮರಳು ಬಂತು. ಪೀಣ್ಯದ ಫೌಂಡ್ರಿಯವರು ಎರಕದ ಅಚ್ಚಿಗೆ ಬಳಸಿ ಸುಟ್ಟು ಬಿಸಾಡಿದ ಮರಳು, ನಡುನಡುವೆ ಕಬ್ಬಿಣದ ಕಿಟ್ಟದ ಗಟ್ಟಿಗಳು. ಬಕೆಟ್ ಇಳಿದಷ್ಟೂ ಅದೇ.

ಚಿಕ್ಕಮುನಿಯಪ್ಪ ನಂಬಲಿಲ್ಲ. ಸನಿಕೆ ಕಸಿದುಕೊಂಡು ಪಕ್ಕದಲ್ಲಿ ತಾನೇ ಗುಂಡಿ ತೋಡಿದ, ತುಂಬಿದ, ತುಳಿದ. ಗುಂಡಿ ಗೇಣುದ್ದ ತಗ್ಗಾಗಿಯೇ ಉಳಿಯಿತು.

ಕಾಫಿ ತಂದ ಹೆಂಡತಿ ಸೊಣ್ಣಮ್ಮ ಇಣುಕಿದಳು. "ಅಳ್ಳ ಇದ್ದ ಜಾಗ ಅಲ್ವಾ ಇದು? ಒಲ ಮಟ್ಟ ಆಗ್ಲಿ ಅಂತ ನಿಮ್ಮಪ್ಪ ಲಾರಿಯೋರ ಕೈಲಿ ತುಂಬಿಸಿ, ಮೇಲೆ ಕೆಮ್ಮಣ್ಣು ಎಳೆಸಿದ್ರಲ್ಲ."

"ನಂಗ್ಯಾಕೆ ಏಳ್ಲಿಲ್ಲ?"

"ಏಳಕ್ಕೆ ನೀನೆಲ್ಲಿದ್ದೆ? ಕಂಡೋರ ಪಾಯ ಕಾಯ್ಕೊಂಡು ಅಲ್ಲೇ ಮಲಗ್ತಿದ್ದೆ. ಅಬ್ಬಕ್ಕೆ ಬಂದ್ರೆ ಉಂಡು ಓಗೋನು. ಎಂಡ್ತಿ ಮಕ ನೋಡ್ದೇ ಇರೋನು ಅಳ್ಳ ನೋಡ್ತಿದ್ನಾ?"

ಜೆಸಿಬಿ ಓಡಿಸುವ ಬಾಲಾಜಿ ನಗು ತಡೆಯಲಾರದೆ ಆ ಕಡೆ ತಿರುಗಿಕೊಂಡ.

ಮುದುಕ ಗುಂಡಿಯ ಅಂಚಲ್ಲಿ ಕುಳಿತುಬಿಟ್ಟ. ಸೈಟು, ರಸ್ತೆಗಳಲ್ಲಿ ಹಳೇ ಗುರುತೆಲ್ಲ ಅಳಿಸಿದ್ದರಿಂದ ಆತನ ಮನಸ್ಸಿನಲ್ಲಿ ಆ ಹಳ್ಳ ರಸ್ತೆಯಾಚೆ ಎಲ್ಲೋ ಇನ್ನೂ ಹರಿಯುತ್ತಿತ್ತು. ಹೊಂಗೆಯ ನೆರಳು, ಬಂಡೆ ಸಂದಿಯ ಏಡಿಗಳು, ಮೈ ತೊಳೆಸಿಕೊಂಡು ಕದಲದೆ ನಿಲ್ಲುತ್ತಿದ್ದ ಎತ್ತುಗಳು, ಯಾವುದೂ ಅಲ್ಲಿಂದ ಕದಲಿರಲಿಲ್ಲ.

ಶಾಂತಿ ಅಪ್ಪನ ಮುಖ ನೋಡಿ ಮೇಘಾಳತ್ತ ತಿರುಗಿದಳು. "ಮೇಲಿನ ಅರ್ಧ ಗಟ್ಟಿ ಇದ್ಯಲ್ಲ. ಅಲ್ಲಿ ಅಪ್ಪನ ಕಲ್ಲಿನ ಪಾಯ ಮಾಡಿ, ಈ ಕಡೆ ಮಾತ್ರ ಕಾಂಕ್ರೀಟ್ ಕಾಲಂ ಇಳಿಸಿದ್ರೆ ಆಗಲ್ವಾ?"

ಮೇಘಾ ಮುದುಕನತ್ತ ನೋಡಿದಳು. ಚಿಕ್ಕಮುನಿಯಪ್ಪನೇ ಬಾಯಿ ಬಿಟ್ಟ. "ಬ್ಯಾಡ ಕಣವ್ವ. ಒಂದು ಕಾಲಿಗೆ ಮೆಟ್ಟು, ಇನ್ನೊಂದಕ್ಕೆ ಮರಗಾಲು ಕಟ್ಕೊಂಡು ನಡೆದಂಗೆ ಆಯ್ತದೆ. ಒಂದು ಕಡೆ ಕುಸಿದ್ರೆ ನಡು ಗೋಡೆ ಸೀಳ್ತದೆ. ಎಲ್ಲಾ ಕಡೆ ಕಾಲಮ್ಮೇ ಇಳಿಸು."

"ನಿಮ್ಮ ಕಲ್ಲು, ಅಜ್ಜಾರೇ?"

"ಕಲ್ಲಿಗೇನು, ಎಲ್ಲಾದ್ರೂ ಬಿದ್ದಿರ್ತದೆ. ನನ್ ಮಗಳು ಮೇಲೆ ಕುಂತು ಬಟ್ಟೆ ಒಲೀಬೇಕು."

ಮೇಘಾ ಕಪ್ಪು ಮರಳನ್ನು ದಾಟಿ ಗಟ್ಟಿ ನೆಲ ಸಿಕ್ಕುವವರೆಗೆ ಪ್ರತಿ ಕಾಲಮ್ಮಿನ ಬುಡ ಇಳಿಸಿ, ನೆಲಮಟ್ಟದಲ್ಲಿ ಎಲ್ಲವನ್ನೂ ಬೀಮುಗಳಿಂದ ಬಿಗಿಯುವಂತೆ ನಕ್ಷೆ ಬರೆದಳು. ತಗ್ಗಿನ ಮೂಲೆಯ ಗುಂಡಿಯಲ್ಲಿ ಮರಳು ಮುಗಿದು, ಹಳ್ಳದ ಹಳೇ ಗೋಡುಮಣ್ಣು ಮುಗಿದು, ಕೊನೆಗೂ ಕೆಮ್ಮಣ್ಣು ಕಾಣಿಸಿದ ದಿನ ಮುದುಕ ಏಣಿ ಹಿಡಿದು ಇಳಿದ. ಚಪ್ಪಲಿ ಕಳಚಿ ನಿಂತ. ಅಂಗಾಲಿಗೆ ಹಳ್ಳದ ತಂಪು ತಾಗಿತು.

ಮೇಲಿನಿಂದ ಶಾಂತಿ ಕೂಗಿದಳು. "ಅಪ್ಪಾ, ಕಾಂಕ್ರೀಟ್ ಗಾಡಿ ಬಂದದೆ, ಹತ್ತು."

"ಇರು ಮಗಾ, ಒಂದ್ಗಳಿಗೆ."

ಆಮೇಲೆ ಹತ್ತಿ ಬಂದು, ಕಾಲಿನ ಮಣ್ಣು ಒರೆಸಿಕೊಳ್ಳದೆಯೇ ಚಪ್ಪಲಿ ಮೆಟ್ಟಿ, ಆಳುಗಳ ಕಡೆ ನೋಡಿದ. "ಸುರೀರಪ್ಪ."