ಹೆಣ್ದನಿ ವೆಂಕಟಸ್ವಾಮಿಗೆ ಬಂದ ಸಂಬಂಧ

ಸಿದ್ದಾಪುರದ ವೆಂಕಟಸ್ವಾಮಿ ವರ್ಷವೆಲ್ಲ ಜಯನಗರದಲ್ಲಿ ಟೈಪಿಂಗ್ ಮೇಷ್ಟ್ರು. ಗಣೇಶನ ಹಬ್ಬ ಬಂತೆಂದರೆ ಆರ್ಕೆಸ್ಟ್ರಾದಲ್ಲಿ ಹೆಂಗಸು. ಸೀರೆಗೀರೆ ಏನಿಲ್ಲ, ಪ್ಯಾಂಟು ಮೀಸೆ ಎಲ್ಲ ಹಾಗೇ, ಗಂಟಲು ಮಾತ್ರ ಬೇರೆ. ಸಿನಿಮಾದ ಯಾವ ಗಾಯಕಿಯ ಹಾಡು ಕೊಟ್ಟರೂ ಅವಳೇ ಬಂದು ನಿಂತಂತಿರುತ್ತಿತ್ತು. ಎಪ್ಪತ್ತೆಂಟನೇ ಇಸವಿಯಲ್ಲಿ ಬನಶಂಕರಿಯಲ್ಲಿ ಅವನೊಂದು ಲಾಲಿ ಹಾಡಿದಾಗ ಬಂದೋಬಸ್ತಿನ ಪೊಲೀಸರು ನಿಂತಲ್ಲೇ ಗೊರಕೆ ಹೊಡೆದರಂತೆ. ಜೇಬುಗಳ್ಳನೂ ಯಾರದೋ ಜೇಬಿನಲ್ಲಿ ಕೈಯಿಟ್ಟುಕೊಂಡೇ ನಿದ್ದೆ ಹೋದನಂತೆ. ಅರ್ಧ ಸುಳ್ಳೆಂದು ಕಳೆದರೂ ಉಳಿದರ್ಧ ಸಣ್ಣದೇನಲ್ಲ.

ಜನ ಸಿಳ್ಳೆ ಹೊಡೆದು, ಅಸಲಿ ಗಾಯಕಿಯನ್ನು ಹೊಗಳಿ ಮನೆಗೆ ಹೋಗುತ್ತಿದ್ದರು. ಇಲ್ಲಿ ಹಾಡಿದ್ದು ಯಾರು ಎಂದು ಕೇಳಿಕೊಂಡು ಹತ್ತು ವರ್ಷದಲ್ಲಿ ಒಬ್ಬರೂ ಸ್ಟೇಜಿನ ಹಿಂದಕ್ಕೆ ಬಂದಿರಲಿಲ್ಲ. ಒಬ್ಬರಾದರೂ ಬರಲಿ ಎನ್ನುವುದೊಂದೇ ಅವನ ಆಸೆ. ಬಾಡಿಗೆ ರೂಮಿನಲ್ಲೂ ಅವನನ್ನು ಊಟವಾಯಿತೇ ಎಂದು ಕೇಳುವವರಿರಲಿಲ್ಲ.

ಎಂಬತ್ತೆರಡರಲ್ಲಿ, ಜೆ.ಪಿ. ನಗರದಲ್ಲಿ, ಒಬ್ಬರು ಬಂದರು. ಸಾರಕ್ಕಿಯ ಬೈರಮ್ಮ, ಎಲೆಅಡಿಕೆ, ಎರಡು ಮೊಳ ಮಲ್ಲಿಗೆ ಸಮೇತ. ಆಕೆ ಪೆಂಡಾಲಿಗೆ ಕಾಲಿಟ್ಟವಳಲ್ಲ. ತಮ್ಮ ಬೀದಿಯ ಕಂಬಕ್ಕೆ ಕಟ್ಟಿದ್ದ ಲೌಡ್ ಸ್ಪೀಕರಿನಲ್ಲಿ ಕೇಳಿ ಎದ್ದು ಬಂದಿದ್ದಳು.

“ಹಾಡ್ತಿದ್ದ ಹುಡುಗಿ ಎಲ್ಲಪ್ಪ?”

ನಿಜ ಹೇಳಿದರೆ ಹೊರಟುಬಿಡುತ್ತಾಳೆ ಎಂದು ವೆಂಕಟಸ್ವಾಮಿಗೆ ದಿಗಿಲಾಯಿತು. “ಈಗಷ್ಟೇ ಹೋದ್ಲಮ್ಮ. ಯಾಕೆ?”

“ನನ್ ಮಗನಿಗೆ ಕೇಳಾಣ ಅಂತ. ಮನೇಲಿ ನಾಲ್ಕು ಗಂಡಸ್ರು, ಒಬ್ರೂ ಬಾಯ್ ಬಿಡಲ್ಲ. ಅವ್ರಿಗಿಂತ ನಮ್ ಎಮ್ಮೆ ವಾಸಿ. ಹುಡುಗಿ ಹೆಂಗವ್ಳೆ?”

“ಗುಣ ಒಳ್ಳೇದು. ಬಣ್ಣ ಸ್ವಲ್ಪ ಕಪ್ಪು.”

“ನಾವೇನ್ ಹಾಲಲ್ಲಿ ಅದ್ದಿ ತೆಗೆದಂಗಿದೀವಾ. ಜೊತೇಲ್ ಯಾರವ್ರೆ?”

“ಯಾರೂ ಇಲ್ಲ. ಒಬ್ಳೇ ಅಡುಗೆ ಮಾಡ್ಕೊಂಡು, ಒಬ್ಳೇ ಉಣ್ಣೋದು.”

“ಅಯ್ಯೋ ಕೂಸೇ. ಯಾರೂ ಕೇಳ್ಕೊಂಡ್ ಬಂದಿಲ್ವಾ?”

“ನೀವೇ ಮೊದಲು.”

ಬೈರಮ್ಮ ಹೂವನ್ನು ಅವನ ಕೈಗಿಟ್ಟಳು. “ಅವ್ಳಿಗೆ ಕೊಡು. ಭಾನ್ವಾರ ಬತ್ತೀನಿ, ಮನೆ ಎಲ್ಲಿ ಹೇಳು.”

ಅವನು ತನ್ನ ರೂಮಿನ ವಿಳಾಸವನ್ನೇ ಹೇಳಿದ.

ಭಾನುವಾರ ನೆಲ ಒರೆಸಿ, ಪಕ್ಕದ ಮನೆಯಿಂದ ಕುರ್ಚಿ ತಂದು, ಉಪ್ಪಿಟ್ಟು ಮಾಡಿದ. ಇಬ್ಬರಿಗೆ ಎಷ್ಟು ರವೆ ಎಂದು ತಿಳಿಯದೆ ಇಡೀ ವಠಾರಕ್ಕಾಗುವಷ್ಟಾಯಿತು. ಬೈರಮ್ಮ ಬಂದವಳೇ ಒಳಗೆಲ್ಲ ಇಣುಕಿದಳು. ಕುರ್ಚಿಯಲ್ಲಿ ಕೂತು ಉಪ್ಪಿಟ್ಟಿನ ತಟ್ಟೆ ಕೈಗೆ ಬಂದ ಮೇಲೆ ಕೇಳಿದಳು.

“ಎಲ್ಲಪ್ಪ ಹುಡುಗಿ?”

“ನಾನೇ ಕಣಮ್ಮ.”

“ಸುಮ್ಕಿರಪ್ಪ, ತಮಾಷೆ ಮಾಡ್ಬೇಡ.”

ಅವನು ಎದುರಿಗೆ ನಿಂತು ಅಂದಿನ ಹಾಡಿನ ಎರಡು ಸಾಲು ಹಾಡಿದ. ಬೈರಮ್ಮ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಎದ್ದಳು.

“ನನ್ ಮಗನಿಗೆ ಏನ್ ಹೇಳ್ಲಯ್ಯ? ಹುಡುಗಿಗೆ ಮೀಸೆ ಐತೆ ಅಂತಾನಾ?”

ಬಾಗಿಲ ತನಕ ಹೋದ ಬೈರಮ್ಮ ಅಲ್ಲೇ ನಿಂತಳು. ಆ ನಾಲ್ಕು ಗಂಡಸರ ಮನೆ ನೆನಪಾಯಿತೋ ಏನೋ, ತಿರುಗಿ ಬಂದು ಕುಳಿತಳು.

“ಇನ್ನೊಂದ್ಸಲ ಹಾಡು. ನಾನ್ ಕಣ್ ಮುಚ್ಕತೀನಿ.”

ಅವನು ಹಾಡಿದ. ಮುಚ್ಚಿದ ಕಣ್ಣಿನೊಳಗೆ ಯಾವ ಹುಡುಗಿ ಬಂದು ಕುಳಿತಳೋ, ಬೈರಮ್ಮ ಅವಳಿಗೆ ತಲೆದೂಗಿದಳು, ಅವಳನ್ನು ನೋಡಿ ನಕ್ಕಳು. ನಿಲ್ಲಿಸಿದರೆ ಕಣ್ಣು ಬಿಟ್ಟಾಳೆಂದು ವೆಂಕಟಸ್ವಾಮಿ ಚರಣ ಮುಗಿದರೂ ಮತ್ತೆ ಪಲ್ಲವಿಗೆ ಹೋಗಿ ಹಾಡುತ್ತಲೇ ಇದ್ದ.